ಮನುಷ್ಯರ ಟಿಬಿಯೋ, ದನದ ಟಿಬಿಯೋ, ಬಿಸಿಜಿಯೋ? ಪಿಸಿಆರ್ ಮೂಲಕ ಗುರುತಿಸುವ ಕ್ರಮ

ಟಿಬಿ ಪತ್ತೆಮಾಡುವ ಜೀನ್‌ಎಕ್ಸ್‌ಪರ್ಟ್ ಯಂತ್ರದ ವರದಿಯಲ್ಲಿ ‘ಎಂಟಿಬಿ ಡಿಟೆಕ್ಟೆಡ್’ (ಟಿಬಿ ಬ್ಯಾಕ್ಟೀರಿಯಾ ಪತ್ತೆ) ಎಂದು ಬಂದಿದೆ, ಇದು ಮನುಷ್ಯರ ಟಿಬಿಯೋ ದನದಿಂದ ಬಂದ ಟಿಬಿಯೋ ಎಂದು ಹೇಗೆ ತಿಳಿಯುವುದು? ಲ್ಯಾಬ್ ಟೆಕ್ನೀಷಿಯನ್‌ಗಳು, ಮೈಕ್ರೊಬಯಾಲಜಿ ವಿದ್ಯಾರ್ಥಿಗಳು, ಪಶುವೈದ್ಯರು ಬಿಡದೆ ಕೇಳುವ ಪ್ರಶ್ನೆ ಇದು. ಆ ವರದಿಯೊಂದರಿಂದಲೇ ತಿಳಿಯುವುದಿಲ್ಲ. ಜೀನ್‌ಎಕ್ಸ್‌ಪರ್ಟ್ ಆಗಲಿ, ಔಷಧ ನಿರೋಧ ನೋಡುವ ಲೈನ್ ಪ್ರೋಬ್ ಪರೀಕ್ಷೆಯಾಗಲಿ ಹುಡುಕುವುದು ಟಿಬಿ ಬ್ಯಾಕ್ಟೀರಿಯಾಗಳ ಇಡೀ ಕುಟುಂಬವನ್ನು. ಅದರೊಳಗಿನ ಸದಸ್ಯರನ್ನು ಅವು ಬೇರೆ ಮಾಡುವುದಿಲ್ಲ. ಮನುಷ್ಯರ ಟಿಬಿಯ ಮೈಕೊಬ್ಯಾಕ್ಟೀರಿಯಂ ಟ್ಯುಬರ್ಕ್ಯುಲೋಸಿಸ್ ಇದ್ದರೂ, ದನದ ಟಿಬಿಯ ಎಂ. ಬೋವಿಸ್ ಇದ್ದರೂ, ಮಗುವಿಗೆ ಹಾಕಿದ ಬಿಸಿಜಿ ಲಸಿಕೆಯ ಬ್ಯಾಕ್ಟೀರಿಯಾವೇ ಗಂಟಿನಲ್ಲಿ ಬೆಳೆದಿದ್ದರೂ ಉತ್ತರ ಒಂದೇ ಬರುತ್ತದೆ.

ಬೇರೆ ಮಾಡುವುದು ಯಾಕೆ ಮುಖ್ಯ? ಎಂ. ಬೋವಿಸ್ ಮತ್ತು ಬಿಸಿಜಿಗೆ ಪೈರಜಿನಮೈಡ್ ಎಂಬ ಟಿಬಿ ಔಷಧ ಹುಟ್ಟಿನಿಂದಲೇ ತಾಗುವುದಿಲ್ಲ. ಪಿಎನ್‌ಸಿ-ಎ ಎಂಬ ಜೀನಿನ 169ನೇ ಅಕ್ಷರ ಸಿ ಇರಬೇಕಾದಲ್ಲಿ ಜಿ ಆಗಿರುವುದೇ ಇದಕ್ಕೆ ಕಾರಣ. ಮೊದಲ ಎರಡು ತಿಂಗಳು ಕೊಡುವ ನಾಲ್ಕು ಔಷಧಗಳಲ್ಲಿ ಒಂದು ಆ ರೋಗಿಯ ಪಾಲಿಗೆ ಇಲ್ಲದಂತೆಯೇ. ವೈದ್ಯರಿಗೆ ಇದು ಗೊತ್ತಾದರೆ ಪೈರಜಿನಮೈಡನ್ನು ಲೆಕ್ಕದಿಂದ ಬಿಟ್ಟು ಚಿಕಿತ್ಸೆಯ ಅವಧಿಯನ್ನು ಹೆಚ್ಚಿಸುತ್ತಾರೆ. ಸೋಂಕು ಬಂದ ದಾರಿಯೂ ಬೇರೆ. ಹಸಿ ಹಾಲು, ಕೊಟ್ಟಿಗೆ, ಕಸಾಯಿಖಾನೆಯ ಕಡೆ ನೋಡಬೇಕೋ, ಮನೆಯೊಳಗಿನ ಕೆಮ್ಮಿನ ಕಡೆಗೋ ಎಂಬುದು ಈ ಉತ್ತರದ ಮೇಲೆ ನಿಂತಿದೆ.

ಮುಂದಿನ ಹಂತಗಳು ಕಲ್ಚರ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾದಿಂದ ಪಿಸಿಆರ್ (ಡಿಎನ್‌ಎಯ ಆಯ್ದ ತುಂಡನ್ನು ಕೋಟಿಗಟ್ಟಲೆ ಪ್ರತಿ ಮಾಡುವ ವಿಧಾನ) ಮಾಡುವವರಿಗಾಗಿ. ಜೀವಂತ ಕಲ್ಚರ್ ಮುಟ್ಟುವ ಕೆಲಸ ಮೂರನೇ ಹಂತದ ಜೈವಿಕ ಸುರಕ್ಷತೆಯ ಲ್ಯಾಬಿನಲ್ಲಿ, ತರಬೇತಿ ಪಡೆದವರ ಕೈಯಲ್ಲಿ ಮಾತ್ರ ನಡೆಯಬೇಕು. ಆ ಸೌಲಭ್ಯ ಇಲ್ಲದಿದ್ದರೆ ಅಂಥ ಲ್ಯಾಬಿನಲ್ಲಿ ಕಾಯಿಸಿ ಕೊಂದ ಡಿಎನ್‌ಎ ಮಾದರಿಯನ್ನಷ್ಟೇ ತರಿಸಿಕೊಂಡು ಹಂತ 3ರಿಂದ ಶುರುಮಾಡಿ.

ತತ್ವ: ಕಳೆದುಹೋದ ತುಂಡುಗಳ ಲೆಕ್ಕ

ಈ ಕುಟುಂಬದ ಸದಸ್ಯರ ಡಿಎನ್‌ಎ ಶೇ 99.9ಕ್ಕಿಂತ ಹೆಚ್ಚು ಒಂದೇ ತೆರನಾಗಿದೆ. ಬೇರೆ ಬ್ಯಾಕ್ಟೀರಿಯಾಗಳನ್ನು ಗುರುತಿಸಲು ಎಲ್ಲರೂ ನಂಬುವ 16ಎಸ್ ಜೀನಿನ ಸೀಕ್ವೆನ್ಸಿಂಗ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಆ ಜೀನು ಇವೆಲ್ಲವುಗಳಲ್ಲಿ ಒಂದೇ. ಪ್ರೋಟೀನ್‌ಗಳ ತೂಕ ಅಳೆದು ಬ್ಯಾಕ್ಟೀರಿಯಾ ಗುರುತಿಸುವ ಮಾಲ್ಡಿ-ಟಾಫ್ ಯಂತ್ರವೂ ಸಾಮಾನ್ಯ ಬಳಕೆಯಲ್ಲಿ ಕುಟುಂಬದ ಹೆಸರಿನ ಹತ್ತಿರ ನಿಂತುಬಿಡುತ್ತದೆ. 16ಎಸ್ ಸೀಕ್ವೆನ್ಸ್‌ಗೆ ಹಣ ಸುರಿದು, ಡೇಟಾಬೇಸಿನಲ್ಲಿ ಮೊದಲು ಕಂಡ ಹೆಸರನ್ನು ಪ್ರಬಂಧದಲ್ಲಿ ಬರೆದುಬಿಡುವುದು ವಿದ್ಯಾರ್ಥಿಗಳಲ್ಲಿ ತುಂಬ ಸಾಮಾನ್ಯ. ಆ ಹೆಸರಿಗೆ ಬೆಲೆಯಿಲ್ಲ.

ಬೇರೆ ಮಾಡಲು ನೆರವಾಗುವುದು ಅಳಿದುಹೋದ ಡಿಎನ್‌ಎ ತುಂಡುಗಳು. ಇವಕ್ಕೆ ಆರ್‌ಡಿ ಎಂಬ ಹೆಸರಿದೆ, ಅಂದರೆ ವ್ಯತ್ಯಾಸದ ಪ್ರದೇಶಗಳು. 1998ರಲ್ಲಿ ಪೂರ್ಣವಾಗಿ ಓದಲಾದ ಎಚ್37ಆರ್‌ವಿ ತಳಿಯ ಜೀನೋಮನ್ನು ಅಳತೆಗೋಲಾಗಿ ಇಟ್ಟುಕೊಂಡು, ಉಳಿದವುಗಳಲ್ಲಿ ಯಾವ ತುಂಡು ಇಲ್ಲ ಎಂದು ನೋಡುತ್ತಾರೆ. ಟಿಬಿ ಬ್ಯಾಕ್ಟೀರಿಯಾಗಳು ಪರಸ್ಪರ ಡಿಎನ್‌ಎ ಕೊಟ್ಟು ತೆಗೆದುಕೊಳ್ಳುವುದಿಲ್ಲವೆಂದೇ ಹೇಳಬಹುದು. ಹಾಗಾಗಿ ಒಮ್ಮೆ ಹೋದ ತುಂಡು ಆ ವಂಶದಲ್ಲಿ ಮತ್ತೆ ಬರುವುದಿಲ್ಲ.

ಅಳಿಕೆ ನಡೆದ ಕ್ರಮವನ್ನು ಬಾಯಿಪಾಠ ಮಾಡಿಕೊಳ್ಳಿ. ಮೊದಲು ಹೋದದ್ದು ಆರ್‌ಡಿ 9, ಸುಮಾರು 2,000 ಅಕ್ಷರಗಳ ತುಂಡು. ಅದೇ ಕವಲಿನಲ್ಲಿ ಮುಂದೆ ಆರ್‌ಡಿ 12 ಹೋಯಿತು. ಇನ್ನೂ ಮುಂದೆ ಎಂ. ಬೋವಿಸ್‌ನಲ್ಲಿ ಸುಮಾರು 12,700 ಅಕ್ಷರಗಳ ಆರ್‌ಡಿ 4 ಹೋಯಿತು. ಕೊನೆಯದಾಗಿ ಸುಮಾರು 9,500 ಅಕ್ಷರಗಳ ಆರ್‌ಡಿ 1 ಕಳೆದುಹೋದದ್ದು ಲ್ಯಾಬಿನಲ್ಲಿ. ಕಾಲ್ಮೆಟ್ ಮತ್ತು ಗೆರಾನ್ ಫ್ರಾನ್ಸಿನ ಲೀಲ್ ನಗರದಲ್ಲಿ 1908ರಿಂದ 1921ರವರೆಗೆ ದನದ ಟಿಬಿ ಬ್ಯಾಕ್ಟೀರಿಯಾವನ್ನು 230 ಬಾರಿ ಮರುಬಿತ್ತನೆ ಮಾಡಿ ಬಿಸಿಜಿ ಲಸಿಕೆಯನ್ನು ಪಡೆದರು. ಆ ಹಾದಿಯಲ್ಲೇ ಆರ್‌ಡಿ 1 ಕಳಚಿತು. 9, 12, 4, 1: ಫಲಿತಾಂಶ ಸರಿಯಿದೆಯೇ ಎಂದು ತಾಳೆ ನೋಡಲು ಈ ಸಾಲಿಗಿಂತ ಒಳ್ಳೆಯ ಉಪಾಯ ನಿಮ್ಮ ಬಳಿ ಇರುವುದಿಲ್ಲ.

ಬೇಕಾಗುವ ಸಾಮಾನು

ಪಿಸಿಆರ್ ಯಂತ್ರ, ಜೆಲ್ ಟ್ಯಾಂಕ್ ಮತ್ತು ಪವರ್ ಪ್ಯಾಕ್, ಯುವಿ ಅಥವಾ ನೀಲಿ ಬೆಳಕಿನ ಜೆಲ್ ಡಾಕ್, ಮೈಕ್ರೊಸೆಂಟ್ರಿಫ್ಯೂಜ್, ವಾಟರ್ ಬಾತ್, ಫಿಲ್ಟರ್ ಇರುವ ಟಿಪ್‌ಗಳು, ತಿರುಪು ಮುಚ್ಚಳದ 2 ಮಿಲೀ ಟ್ಯೂಬುಗಳು. ರಾಸಾಯನಿಕಗಳಲ್ಲಿ ಟಿಇ ಬಫರ್, ಹಾಟ್‌ಸ್ಟಾರ್ಟ್ ಪಾಲಿಮರೇಸ್, ಅದರ ಬಫರ್, ಮೆಗ್ನೀಸಿಯಂ ಕ್ಲೋರೈಡ್, ಡಿಎನ್‌ಟಿಪಿ, ಡಿಎಂಎಸ್‌ಒ, ಅಗರೋಸ್, 50 ಬೇಸ್ ಪೇರ್ (ಡಿಎನ್‌ಎ ಅಕ್ಷರಜೋಡಿ) ಲ್ಯಾಡರ್, ಅಂದರೆ ಅಳತೆ ಗೊತ್ತಿರುವ ಡಿಎನ್‌ಎ ತುಂಡುಗಳ ಸಾಲು. ಹಾಟ್‌ಸ್ಟಾರ್ಟ್ ಎಂದರೆ ಬಿಸಿಯಾಗುವವರೆಗೆ ನಿದ್ರಿಸುವ ಕಿಣ್ವ. ಕೋಣೆಯ ತಾಪದಲ್ಲೇ ಪ್ರೈಮರ್‌ಗಳು (ಪ್ರತಿ ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಚಿಕ್ಕ ಡಿಎನ್‌ಎ ತುಂಡುಗಳು) ತಪ್ಪು ಜಾಗ ಹಿಡಿಯುವುದನ್ನು ಇದು ತಪ್ಪಿಸುತ್ತದೆ. ಲ್ಯಾಡರ್ ವಿಷಯದಲ್ಲಿ ಉಳಿತಾಯ ಬೇಡ. ಮುಂದೆ ನೀವು 146, 172, 196 ಬೇಸ್ ಪೇರ್‌ಗಳ ಬ್ಯಾಂಡುಗಳನ್ನು, ಅಂದರೆ ಜೆಲ್‌ನಲ್ಲಿ ಕಾಣುವ ಡಿಎನ್‌ಎ ಪಟ್ಟೆಗಳನ್ನು, ಬೇರೆ ಮಾಡಬೇಕಾಗುತ್ತದೆ, ಮಾಮೂಲಿ 100ರ ಲ್ಯಾಡರಿನಲ್ಲಿ ಆ ನಡುವೆ ಗುರುತೇ ಇರುವುದಿಲ್ಲ.

ಪ್ರೈಮರ್‌ಗಳು ಪ್ರತಿ ಆರ್‌ಡಿಗೆ ಮೂರು: ಅಳಿಕೆಯ ಎರಡೂ ಬದಿಯ ಹೊರಗೆ ಕೂರುವ ಎರಡು, ಅಳಿಯುವ ತುಂಡಿನ ಒಳಗೆ ಕೂರುವ ಒಂದು. ತುಂಡು ಇದ್ದರೆ ಹೊರಗಿನ ಒಂದು ಪ್ರೈಮರ್ ಮತ್ತು ಒಳಗಿನದು ಸೇರಿ ಒಂದು ಅಳತೆಯ ಬ್ಯಾಂಡ್ ಕೊಡುತ್ತವೆ. ತುಂಡು ಹೋಗಿದ್ದರೆ ಹೊರಗಿನ ಎರಡೂ ಹತ್ತಿರ ಬಂದು ಬೇರೆ ಅಳತೆಯ ಬ್ಯಾಂಡ್ ಕೊಡುತ್ತವೆ. ಈ ಮೂರು ಪ್ರೈಮರ್‌ಗಳ ವಿನ್ಯಾಸವನ್ನೇ ಆರಿಸಿ. ಎರಡೇ ಪ್ರೈಮರ್ ಇರುವ ಹಳೆಯ ವಿಧಾನಗಳಲ್ಲಿ ‘ಬ್ಯಾಂಡ್ ಬರಲಿಲ್ಲ’ ಎಂಬುದನ್ನೇ ‘ತುಂಡು ಇಲ್ಲ’ ಎಂದು ಓದುತ್ತಿದ್ದರು. ಡಿಎನ್‌ಎ ಕೆಟ್ಟಿದ್ದರೂ, ಕಿಣ್ವ ಹಾಕಲು ಮರೆತಿದ್ದರೂ ಬ್ಯಾಂಡ್ ಬರುವುದಿಲ್ಲವಲ್ಲ! ಆಗ ಕೆಟ್ಟ ಪಿಸಿಆರ್ ಪ್ರತಿಯೊಂದೂ ದನದ ಟಿಬಿಯಾಗಿ ಕಾಣುತ್ತದೆ.

ಈ ಲೇಖನದಲ್ಲಿ ಕೊಟ್ಟಿರುವ ಅಳತೆಗಳು 2006ರಲ್ಲಿ ಪ್ರಕಟವಾದ, ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಮೂರು-ಪ್ರೈಮರ್ ಸೆಟ್‌ನವು. ಬೇರೆ ಸೆಟ್ ತರಿಸಿದರೆ ಅಳತೆಗಳೂ ಬೇರೆಯಾಗುತ್ತವೆ. ಪ್ರೈಮರ್ ಆರ್ಡರ್ ಮಾಡುವ ಮುನ್ನ ಅಕ್ಷರಗಳನ್ನು ಮೂಲ ಪ್ರಬಂಧದಿಂದಲೇ ತೆಗೆದುಕೊಂಡು, ಎಚ್37ಆರ್‌ವಿ ಜೀನೋಮಿನ ಮೇಲೆ ಇನ್-ಸಿಲಿಕೋ ಪಿಸಿಆರ್ ಅಂದರೆ ಕಂಪ್ಯೂಟರಿನಲ್ಲಿ ಅಣಕು ಪಿಸಿಆರ್ ಮಾಡಿ ನೋಡಿ.

ಹಂತ 1: ಟಿಬಿ ಕುಟುಂಬವೇ ಎಂದು ಖಚಿತಪಡಿಸಿಕೊಳ್ಳಿ

ಕಲ್ಚರ್ ಬೆಳೆದಿದೆ, ಆಮ್ಲ ನಿರೋಧಕ ಬಣ್ಣ ಹಿಡಿದಿದೆ ಎಂದಮಾತ್ರಕ್ಕೆ ಟಿಬಿ ಎನ್ನಲಾಗದು. ನೀರು ಮತ್ತು ಮಣ್ಣಿನಲ್ಲಿರುವ ಟಿಬಿಯೇತರ ಮೈಕೊಬ್ಯಾಕ್ಟೀರಿಯಾಗಳೂ ಹಾಗೆಯೇ ಕಾಣುತ್ತವೆ. ಹೆಚ್ಚಿನ ಲ್ಯಾಬುಗಳು ಇಲ್ಲಿ ಟಿಬಿ ಕುಟುಂಬದ ಎಂಪಿಟಿ 64 ಎಂಬ ಪ್ರೋಟೀನನ್ನು ಹುಡುಕುವ ಪಟ್ಟಿ ಪರೀಕ್ಷೆ ಬಳಸುತ್ತವೆ. ಅದರಲ್ಲಿ ಒಂದು ತೊಡಕಿದೆ. ಬಿಸಿಜಿಯ ಕೆಲವು ತಳಿಗಳು ಆ ಪ್ರೋಟೀನನ್ನು ತಯಾರಿಸುವ ಜೀನನ್ನೇ ಕಳೆದುಕೊಂಡಿವೆ. ಚೆನ್ನೈನ ಗಿಂಡಿಯ ಬಿಸಿಜಿ ಲಸಿಕಾ ಪ್ರಯೋಗಾಲಯದಲ್ಲಿ ತಯಾರಾಗುತ್ತಿದ್ದ ಡ್ಯಾನಿಶ್ 1331 ತಳಿ ಅಂಥದ್ದು. ಮಗುವಿನ ಕಂಕುಳಿನ ಗಂಟಿನಿಂದ ಬಂದ ಬಿಸಿಜಿ ಪಟ್ಟಿಯಲ್ಲಿ ನೆಗೆಟಿವ್ ಬಂದು ‘ಟಿಬಿಯೇತರ’ ಎಂಬ ಗುಂಪಿಗೆ ಸೇರಿಹೋಗುವುದು ಹೀಗೆ. ರಷ್ಯನ್ ಮೂಲದ ತಳಿಯಲ್ಲಿ ಆ ಜೀನು ಉಳಿದಿದೆ, ಅದು ಪಾಸಿಟಿವ್ ಬರುತ್ತದೆ. ಚಿಕ್ಕ ಮಕ್ಕಳ ಮಾದರಿ, ಮತ್ತು ಮೂತ್ರಕೋಶದ ಕ್ಯಾನ್ಸರಿಗೆ ಬಿಸಿಜಿ ಚಿಕಿತ್ಸೆ ಪಡೆದವರ ಮಾದರಿ ಪಟ್ಟಿಯಲ್ಲಿ ನೆಗೆಟಿವ್ ಆದರೂ ಆರ್‌ಡಿ ಪಿಸಿಆರ್‌ಗೆ ಕಳಿಸಿ.

ಪಟ್ಟಿಯ ಬದಲು ಐಎಸ್ 6110 ಪಿಸಿಆರ್ ಮಾಡುವವರು ದಕ್ಷಿಣ ಭಾರತದ ಒಂದು ವಿಶೇಷವನ್ನು ನೆನಪಿಡಬೇಕು. ಐಎಸ್ 6110 ಎಂಬುದು ಟಿಬಿ ಜೀನೋಮಿನಲ್ಲಿ ಹಲವು ಪ್ರತಿಗಳಲ್ಲಿ ಸಿಗುವ ಜಿಗಿಯುವ ತುಂಡು. ನಮ್ಮ ಕಡೆಯ ಎಂ. ಟ್ಯುಬರ್ಕ್ಯುಲೋಸಿಸ್ ತಳಿಗಳಲ್ಲಿ ಒಂದೇ ಪ್ರತಿ ಇರುವವು ಬಹಳ, ಒಂದೂ ಇಲ್ಲದವೂ ಇವೆ. ಯುರೋಪಿನ ಪಠ್ಯ ಓದಿ ಐಎಸ್ 6110 ನೆಗೆಟಿವ್ ಆದದ್ದನ್ನೆಲ್ಲ ಟಿಬಿಯಲ್ಲ ಎಂದು ಬಿಟ್ಟರೆ ನಿಜವಾದ ರೋಗಿಗಳು ಕೈತಪ್ಪುತ್ತಾರೆ. ಐಎಸ್ 1081 ಇಡೀ ಕುಟುಂಬದಲ್ಲಿ ಇದೆ, ಅದನ್ನೂ ಜೊತೆಗೆ ನೋಡಿ.

ಇನ್ನೊಂದು ಮಾತು ಕಲ್ಚರಿನ ಬಗ್ಗೆ. ಎಂ. ಬೋವಿಸ್ ಗ್ಲಿಸರಾಲನ್ನು ಸರಿಯಾಗಿ ಬಳಸಿಕೊಳ್ಳಲಾರದು. ಗ್ಲಿಸರಾಲ್ ಮಾತ್ರ ಇರುವ ಎಲ್‌ಜೆ ಎಂಬ ಘನ ಮಾಧ್ಯಮದ ಮೇಲೆ ಅದು ಸೊರಗುತ್ತದೆ, ಕೆಲವೊಮ್ಮೆ ಬೆಳೆಯುವುದೇ ಇಲ್ಲ. ದನದ ಅಂಗಾಂಶ, ಹಾಲು, ಅಥವಾ ದನಗಾಹಿಗಳ ಮಾದರಿ ಬಂದಾಗ ಪೈರುವೇಟ್ ಸೇರಿಸಿದ ಮಾಧ್ಯಮವನ್ನೂ ಹಾಕಿ. ಇಲ್ಲದಿದ್ದರೆ ನೀವು ಹುಡುಕುತ್ತಿರುವುದು ಪಿಸಿಆರ್ ತನಕ ಬರುವುದೇ ಇಲ್ಲ, ಆಮೇಲೆ ‘ನಮ್ಮಲ್ಲಿ ದನದ ಟಿಬಿ ಇಲ್ಲ’ ಎಂಬ ತಪ್ಪು ಸಮಾಧಾನ ಉಳಿಯುತ್ತದೆ.

ಹಂತ 2: ಕೊಲ್ಲುವುದು, ಡಿಎನ್‌ಎ ತೆಗೆಯುವುದು

ಘನ ಮಾಧ್ಯಮದಿಂದ ಒಂದು ಲೂಪ್ ಕಾಲೊನಿಯನ್ನು 300 ಮೈಕ್ರೊಲೀಟರ್ ಟಿಇ ಬಫರ್‌ನಲ್ಲಿ ಕದಡಿ. ಎಂಜಿಐಟಿ ದ್ರವ ಕಲ್ಚರ್ ಆದರೆ 1 ಮಿಲೀ ತೆಗೆದು 13,000 ಜಿ ವೇಗದಲ್ಲಿ 15 ನಿಮಿಷ ತಿರುಗಿಸಿ, ಮೇಲಿನ ದ್ರವ ಚೆಲ್ಲಿ, ಒಮ್ಮೆ ಬಫರ್‌ನಿಂದ ತೊಳೆದು, 100 ಮೈಕ್ರೊಲೀಟರ್ ಟಿಇಯಲ್ಲಿ ಕದಡಿ. ತೊಳೆಯುವುದನ್ನು ಬಿಡಬೇಡಿ. ಮಾದರಿಯ ಜೊತೆ ಬಂದ ರಕ್ತ, ಕೀವಿನ ಉಳಿಕೆ ಕಿಣ್ವವನ್ನು ತಡೆಯುತ್ತದೆ.

ಟ್ಯೂಬನ್ನು 95 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಡಿ. ಹಳೆಯ ಕೈಪಿಡಿಗಳಲ್ಲಿ 80 ಡಿಗ್ರಿ, 20 ನಿಮಿಷ ಎಂದಿರುತ್ತದೆ. ಅಷ್ಟರಲ್ಲಿ ಎಲ್ಲ ಬ್ಯಾಕ್ಟೀರಿಯಾ ಸಾಯದೆ ಉಳಿದ ಉದಾಹರಣೆಗಳು ಪ್ರಕಟವಾಗಿವೆ. ವಾಟರ್ ಬಾತ್‌ನಲ್ಲಿ ಟ್ಯೂಬಿನೊಳಗಿನ ದ್ರವದ ಮಟ್ಟ ನೀರಿನ ಮಟ್ಟಕ್ಕಿಂತ ಕೆಳಗಿರಲಿ. ಒಣ ಹೀಟಿಂಗ್ ಬ್ಲಾಕ್ ಬಳಸಿದರೆ ಟ್ಯೂಬಿನ ಮೇಲ್ಭಾಗ ತಣ್ಣಗೇ ಉಳಿಯುತ್ತದೆ. ಮುಚ್ಚಳದ ಒಳಗೆ ಅಂಟಿದ ಹನಿಯಲ್ಲಿ ಬ್ಯಾಕ್ಟೀರಿಯಾ ಬದುಕಿರಬಹುದು. ಕಾಯಿಸುವ ಮುಂಚೆ ಒಂದು ಕ್ಷಣ ತಿರುಗಿಸಿ ಹನಿಗಳನ್ನು ಕೆಳಗಿಳಿಸಿ. ಒತ್ತುಮುಚ್ಚಳದ ಟ್ಯೂಬ್ ಬಿಸಿಗೆ ಪಟ್ಟನೆ ತೆರೆದುಕೊಳ್ಳುತ್ತದೆ, ಆದ್ದರಿಂದ ತಿರುಪು ಮುಚ್ಚಳವೇ ಬೇಕು. ಹೊಸದಾಗಿ ಈ ವಿಧಾನ ಶುರುಮಾಡುವ ಲ್ಯಾಬ್ ಕೆಲವು ಕಾಯಿಸಿದ ಮಾದರಿಗಳನ್ನು ಮತ್ತೆ ಎಂಜಿಐಟಿಗೆ ಹಾಕಿ 42 ದಿನ ಕಾದು, ಬೆಳೆಯುವುದಿಲ್ಲ ಎಂದು ಖಚಿತಪಡಿಸಿಕೊಂಡ ಮೇಲಷ್ಟೇ ಟ್ಯೂಬುಗಳನ್ನು ಹೊರಗೆ ಬಿಡಬೇಕು.

ತಣ್ಣಗಾದ ಮೇಲೆ 13,000 ಜಿ ವೇಗದಲ್ಲಿ 5 ನಿಮಿಷ ತಿರುಗಿಸಿ, ಮೇಲಿನ ತಿಳಿ ದ್ರವವನ್ನು ಹೊಸ ಟ್ಯೂಬಿಗೆ ತೆಗೆಯಿರಿ. ಅದೇ ನಿಮ್ಮ ಡಿಎನ್‌ಎ. ಮೈನಸ್ 20ರಲ್ಲಿ ಇಡಬಹುದು. ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದರೆ ಡಿಎನ್‌ಎ ತುಂಡಾಗುತ್ತದೆ, ಹಾಗಾಗಿ ಎರಡು ಪಾಲು ಮಾಡಿಡಿ. ಪ್ರತಿ ತಂಡದ ಜೊತೆಗೆ ಬ್ಯಾಕ್ಟೀರಿಯಾ ಹಾಕದ ಒಂದು ಟಿಇ ಟ್ಯೂಬನ್ನೂ ಇದೇ ಹಾದಿಯಲ್ಲಿ ಕಳಿಸಿ. ಅದು ತೆಗೆಯುವ ಹಂತದ ಖಾಲಿ ಕಂಟ್ರೋಲ್, ಅಂದರೆ ತಾಳೆ ನೋಡಲು ಇಡುವ, ಉತ್ತರ ಮೊದಲೇ ಗೊತ್ತಿರುವ ಮಾದರಿ.

ಕಫದಿಂದ ಅಥವಾ ಹಾಲಿನಿಂದ ನೇರವಾಗಿ ಮಾಡಬಹುದೇ ಎಂದು ಕೇಳುವವರಿದ್ದಾರೆ. ಮಾಡಬಹುದು, ನೆಚ್ಚಿಕೊಳ್ಳುವುದು ಕಷ್ಟ. ಆರ್‌ಡಿಗಳು ಜೀನೋಮಿಗೆ ಒಂದೇ ಪ್ರತಿ ಇರುವ ಗುರಿಗಳು, ಬ್ಯಾಕ್ಟೀರಿಯಾ ಕಡಿಮೆ ಇದ್ದಾಗ ಸಿಗುವುದಿಲ್ಲ. ಹಾಲಿನ ಕ್ಯಾಲ್ಸಿಯಂ ಮತ್ತು ಕೊಬ್ಬು ಪಿಸಿಆರ್ ಕಿಣ್ವಕ್ಕೆ ಅಡ್ಡಿ.

ಹಂತ 3: ಕಂಟ್ರೋಲ್‌ಗಳನ್ನು ಹೊಂದಿಸಿಕೊಳ್ಳಿ

ಇದನ್ನು ಪ್ರತ್ಯೇಕ ಹಂತವಾಗಿ ಬರೆಯಲು ಕಾರಣವಿದೆ. ನಾಲ್ಕು ಆರ್‌ಡಿಗಳಿಗೆ ತಲಾ ಎರಡು ಉತ್ತರ, ಒಟ್ಟು ಎಂಟು ಬ್ಯಾಂಡ್. ಎಂಟನ್ನೂ ನಿಮ್ಮ ಜೆಲ್‌ನಲ್ಲಿ ಒಮ್ಮೆಯಾದರೂ ಕಣ್ಣಾರೆ ನೋಡದೆ ರೋಗಿಯ ಮಾದರಿಯ ಉತ್ತರ ಹೇಳಬಾರದು. ಅದಕ್ಕೆ ಎರಡು ಕಂಟ್ರೋಲ್ ಸಾಕು. ಎಚ್37ಆರ್‌ಎ ಎಂಬ ನಿರುಪದ್ರವಿ ಲ್ಯಾಬ್ ತಳಿ ನಾಲ್ಕೂ ‘ಇದೆ’ ಬ್ಯಾಂಡುಗಳನ್ನು ಕೊಡುತ್ತದೆ. ಬಿಸಿಜಿ ನಾಲ್ಕೂ ‘ಇಲ್ಲ’ ಬ್ಯಾಂಡುಗಳನ್ನು ಕೊಡುತ್ತದೆ. ಅವಧಿ ಮೀರಿದ ಬಿಸಿಜಿ ವೈಲನ್ನು ಅನುಮತಿ ಪಡೆದು ತರಿಸಿಕೊಂಡರೆ ಹಲವು ತಿಂಗಳಿಗಾಗುವಷ್ಟು ಕಂಟ್ರೋಲ್ ಡಿಎನ್‌ಎ ಸಿಗುತ್ತದೆ. ಪುಡಿಯನ್ನು ಬಫರ್‌ನಲ್ಲಿ ಕರಗಿಸಿ, ಲಸಿಕೆಯ ಉಪ್ಪು ಹೋಗುವಂತೆ ಎರಡು ಸಲ ತೊಳೆದು, ಹಂತ 2ರಂತೆ ಕಾಯಿಸಿ. ಲಸಿಕೆಯಾದರೂ ಅದರಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ, ತೆರೆದ ಮೇಜಿನ ಮೇಲೆ ಒಡೆಯಬೇಡಿ.

ಹಂತ 4: ಪಿಸಿಆರ್

ನಾಲ್ಕೂ ಆರ್‌ಡಿಗಳನ್ನು ಒಂದೇ ಟ್ಯೂಬಿನಲ್ಲಿ ನೋಡುವ ಮಲ್ಟಿಪ್ಲೆಕ್ಸ್ ಸಾಧ್ಯವಿದೆ. ಕಲಿಯುವವರಿಗೆ ನಾವು ಹೇಳುವುದು ಬೇರೆ ಬೇರೆ ಟ್ಯೂಬುಗಳೇ. ಹನ್ನೆರಡು ಪ್ರೈಮರ್‌ಗಳು ಒಂದೇ ಕಡೆ ಇದ್ದಾಗ ಒಂದು ಆರ್‌ಡಿ ಬೆಳೆದು ಇನ್ನೊಂದನ್ನು ತುಳಿಯುತ್ತದೆ, ತಪ್ಪು ಎಲ್ಲಿ ಎಂದು ಹುಡುಕುವುದು ಕಷ್ಟವಾಗುತ್ತದೆ.

25 ಮೈಕ್ರೊಲೀಟರಿನ ಒಂದು ಪ್ರತಿಕ್ರಿಯೆಗೆ: 10 ಪಟ್ಟು ಬಫರ್ 2.5, 25 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ 2, ತಲಾ 10 ಮಿಲಿಮೋಲಾರ್ ಡಿಎನ್‌ಟಿಪಿ ಮಿಶ್ರಣ 0.5, ಮೂರು ಪ್ರೈಮರ್‌ಗಳು (ಪ್ರತಿಯೊಂದೂ 10 ಮೈಕ್ರೊಮೋಲಾರ್) ತಲಾ 1, ಡಿಎಂಎಸ್‌ಒ 1.25, ಮೈಕ್ರೊಲೀಟರಿಗೆ 5 ಯೂನಿಟ್ ಇರುವ ಪಾಲಿಮರೇಸ್ 0.2, ನೀರು 13.55, ಕೊನೆಯಲ್ಲಿ ಡಿಎನ್‌ಎ 2 ಮೈಕ್ರೊಲೀಟರ್. ನಿಮ್ಮ ಬಫರಿನಲ್ಲೇ ಮೆಗ್ನೀಸಿಯಂ ಇದೆಯೇ ಎಂದು ಲೇಬಲ್ ನೋಡಿ. ಅಂತಿಮವಾಗಿ 1.5 ಮಿಲಿಮೋಲಾರ್ ಆಗುವಷ್ಟು ಅದರಲ್ಲೇ ಇದ್ದರೆ ಹೊರಗಿನಿಂದ 0.5 ಮೈಕ್ರೊಲೀಟರ್ ಮಾತ್ರ ಹಾಕಿ, ಉಳಿದದ್ದನ್ನು ನೀರಿನಿಂದ ತುಂಬಿ. ಎರಡು ಸಲ ಮೆಗ್ನೀಸಿಯಂ ಬಿದ್ದರೆ ಜೆಲ್ ತುಂಬ ಬೇಡದ ಬ್ಯಾಂಡುಗಳು. ಡಿಎಂಎಸ್‌ಒ ಯಾಕೆಂದರೆ ಟಿಬಿ ಜೀನೋಮಿನಲ್ಲಿ ಜಿ ಮತ್ತು ಸಿ ಅಕ್ಷರಗಳು ಶೇ 65ಕ್ಕೂ ಹೆಚ್ಚು. ಅಂಥ ಡಿಎನ್‌ಎ ಬಿಗಿಯಾಗಿ ಮಡಚಿಕೊಳ್ಳುತ್ತದೆ, ಡಿಎಂಎಸ್‌ಒ ಅದನ್ನು ಸಡಿಲಿಸುತ್ತದೆ.

ಹತ್ತು ಮಾದರಿ, ಎರಡು ಕಂಟ್ರೋಲ್, ಒಂದು ಖಾಲಿ ಟಿಇ, ಒಂದು ನೀರು ಎಂದರೆ ಹದಿನಾಲ್ಕು ಟ್ಯೂಬ್. ಹದಿನೈದಕ್ಕೆ ಮಾಸ್ಟರ್ ಮಿಕ್ಸ್ ಮಾಡಿ 23 ಮೈಕ್ರೊಲೀಟರಿನಂತೆ ಹಂಚಿ. ಮಿಕ್ಸ್ ಮಾಡುವ ಜಾಗ, ಡಿಎನ್‌ಎ ಹಾಕುವ ಜಾಗ, ಜೆಲ್ ಓಡಿಸುವ ಜಾಗ ಮೂರೂ ಬೇರೆ ಇರಲಿ, ಪಿಪೆಟ್‌ಗಳೂ ಬೇರೆ ಇರಲಿ. ಜೆಲ್ ಕೋಣೆಯಿಂದ ಮಿಕ್ಸ್ ಕೋಣೆಗೆ ಅದೇ ಕೋಟಿನಲ್ಲಿ ವಾಪಸು ಬರಬೇಡಿ. ನೀರಿನ ಟ್ಯೂಬನ್ನು ಎಲ್ಲಕ್ಕಿಂತ ಕೊನೆಗೆ ಮುಚ್ಚಿ.

ಯಂತ್ರದ ಪ್ರೋಗ್ರಾಂ: 95 ಡಿಗ್ರಿಯಲ್ಲಿ 15 ನಿಮಿಷ (ಕಿಣ್ವದ ತಯಾರಕರು ಬೇರೆ ಹೇಳಿದ್ದರೆ ಅದರಂತೆ). ನಂತರ 94 ಡಿಗ್ರಿ 1 ನಿಮಿಷ, 62 ಡಿಗ್ರಿ 1 ನಿಮಿಷ, 72 ಡಿಗ್ರಿ 1 ನಿಮಿಷ, ಇದು 35 ಸುತ್ತು. ಕೊನೆಗೆ 72 ಡಿಗ್ರಿ 10 ನಿಮಿಷ. ಬ್ಯಾಂಡ್ ಮಸುಕಾದರೆ 62ನ್ನು 60ಕ್ಕೆ ಇಳಿಸಿ ನೋಡಿ. ಸುತ್ತುಗಳನ್ನು 45ಕ್ಕೆ ಏರಿಸುವ ಆಸೆ ಬರುತ್ತದೆ. ಪ್ರಕಟಿತ ವಿಧಾನಗಳಲ್ಲೂ ಅಷ್ಟಿದೆ. ಆದರೆ ಕಲ್ಚರಿನ ಡಿಎನ್‌ಎಗೆ ಅಷ್ಟು ಬೇಕಿಲ್ಲ, ಹೆಚ್ಚಿದ ಪ್ರತಿ ಸುತ್ತೂ ಕಲಬೆರಕೆಯ ಅಪಾಯವನ್ನು ಹೆಚ್ಚಿಸುತ್ತದೆ.

ಎಲ್ಲ ಮಾದರಿಗೂ ನಾಲ್ಕೂ ಆರ್‌ಡಿ ಮಾಡಬೇಕೆಂದಿಲ್ಲ. ಮೊದಲು ಆರ್‌ಡಿ 9 ಮಾಡಿ. ಅದು ‘ಇದೆ’ ಎಂದು ಬಂದ ಬಹುತೇಕ ಮಾದರಿಗಳ ಕೆಲಸ ಅಲ್ಲಿಗೇ ಮುಗಿಯುತ್ತದೆ. ‘ಇಲ್ಲ’ ಎಂದವನ್ನು ಮಾತ್ರ ಉಳಿದ ಮೂರಕ್ಕೆ ಕಳಿಸಿ.

ಹಂತ 5: ಜೆಲ್

ಶೇ 3ರ ಜೆಲ್ ಬೇಕು: 100 ಮಿಲೀ ಟಿಎಇ ಬಫರ್‌ಗೆ 3 ಗ್ರಾಂ ಅಗರೋಸ್. ಪುಡಿಯನ್ನು ತಣ್ಣನೆಯ ಬಫರ್‌ನಲ್ಲಿ ಹತ್ತು ನಿಮಿಷ ನೆನೆಸಿ ಆಮೇಲೆ ಕುದಿಸಿ, ಇಲ್ಲದಿದ್ದರೆ ಉಕ್ಕುತ್ತದೆ, ಗಂಟೂ ಉಳಿಯುತ್ತದೆ. ಪ್ರತಿ ಸೆಂಟಿಮೀಟರಿಗೆ 5ರಿಂದ 6 ವೋಲ್ಟ್‌ನಂತೆ ಮೂರರಿಂದ ನಾಲ್ಕು ಗಂಟೆ ಓಡಿಸಿ. ಬೇಗ ಮುಗಿಸಲೆಂದು ವೋಲ್ಟೇಜ್ ಏರಿಸಿದರೆ ಜೆಲ್ ಬಿಸಿಯಾಗಿ ಬ್ಯಾಂಡುಗಳು ನಗುಮುಖದಂತೆ ಬಾಗುತ್ತವೆ, 20–30 ಅಕ್ಷರಗಳ ಅಂತರ ಅಳೆಯಲಾಗದು. ಎರಡೂ ಕಂಟ್ರೋಲ್‌ಗಳನ್ನು ಮಾದರಿಗಳ ಪಕ್ಕದಲ್ಲೇ ಓಡಿಸಿ.

ಹಂತ 6: ಓದುವುದು

ಅಳತೆಗಳು ಬೇಸ್ ಪೇರ್‌ಗಳಲ್ಲಿ:

ಆರ್‌ಡಿ 9: ಇದ್ದರೆ 235, ಇಲ್ಲದಿದ್ದರೆ 108
ಆರ್‌ಡಿ 12: ಇದ್ದರೆ 369, ಇಲ್ಲದಿದ್ದರೆ 306
ಆರ್‌ಡಿ 4: ಇದ್ದರೆ 172, ಇಲ್ಲದಿದ್ದರೆ 268
ಆರ್‌ಡಿ 1: ಇದ್ದರೆ 146, ಇಲ್ಲದಿದ್ದರೆ 196

ಮೊದಲೆರಡರಲ್ಲಿ ದೊಡ್ಡ ಬ್ಯಾಂಡ್ ‘ಇದೆ’, ಕೊನೆಯೆರಡರಲ್ಲಿ ದೊಡ್ಡ ಬ್ಯಾಂಡ್ ‘ಇಲ್ಲ’. ದೊಡ್ಡದೆಂದರೆ ಇದೆ ಎಂಬ ಅಂದಾಜಿನಲ್ಲಿ ಓದಿದರೆ ಎಂ. ಬೋವಿಸ್ ಎಂಬುದು ಇನ್ನೇನೋ ಆಗಿಬಿಡುತ್ತದೆ. ಈ ಪಟ್ಟಿಯನ್ನು ಬರೆದು ಜೆಲ್ ಡಾಕ್‌ನ ಪಕ್ಕದ ಗೋಡೆಗೆ ಅಂಟಿಸಿ.

ಆರ್‌ಡಿ 9 ಇದ್ದರೆ ಎಂ. ಟ್ಯುಬರ್ಕ್ಯುಲೋಸಿಸ್. ಆಫ್ರಿಕಾದ ಕೊಂಬಿನ ಭಾಗದಲ್ಲಿ ಸಿಗುವ ಎಂ. ಕ್ಯಾನೆಟಿಯಲ್ಲೂ ಆರ್‌ಡಿ 9 ಇದೆ, ಅದರ ಕಾಲೊನಿ ನುಣುಪಾಗಿರುತ್ತದೆ. ನಮ್ಮಲ್ಲಿ ಅದನ್ನು ನಿರೀಕ್ಷಿಸಬೇಕಿಲ್ಲ.

ಆರ್‌ಡಿ 9 ಇಲ್ಲ, 12 ಇದೆ ಎಂದಾದರೆ ಎಂ. ಆಫ್ರಿಕಾನಮ್ ಮತ್ತು ಅದರ ನೆರೆಯವು. ಇದು ಪಶ್ಚಿಮ ಆಫ್ರಿಕಾದ ಬ್ಯಾಕ್ಟೀರಿಯಾ. ಅಲ್ಲಿಗೆ ಸಂಬಂಧವೇ ಇಲ್ಲದ ರೋಗಿಯಲ್ಲಿ ಕಂಡರೆ ಮೊದಲು ಪರೀಕ್ಷೆಯನ್ನು ಪುನರಾವರ್ತಿಸಿ.

9, 12, 4 ಮೂರೂ ಇಲ್ಲ, 1 ಇದೆ ಎಂದರೆ ಎಂ. ಬೋವಿಸ್. ನಾಲ್ಕೂ ಇಲ್ಲವೆಂದರೆ ಬಿಸಿಜಿ.

ಭಾರತಕ್ಕೆ ಬಹಳ ಮುಖ್ಯವಾದದ್ದು ಇನ್ನುಳಿದ ಮಾದರಿ: 9 ಇಲ್ಲ, 12 ಇಲ್ಲ, 4 ಇದೆ. ಯುರೋಪಿನ ಪುಸ್ತಕ ಇದನ್ನು ಎಂ. ಕ್ಯಾಪ್ರೆ ಎನ್ನುತ್ತದೆ. ನಮ್ಮಲ್ಲಿ ಇದು ಎಂ. ಒರಿಜಿಸ್ ಆಗಿರುವ ಸಾಧ್ಯತೆಯೇ ಹೆಚ್ಚು. ದಕ್ಷಿಣ ಏಷ್ಯಾದ ದನ, ಜಿಂಕೆ, ಕೃಷ್ಣಮೃಗಗಳಲ್ಲಿ ಇದು ಸಿಕ್ಕಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ರೋಗಿಗಳ ಮಾದರಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಂ. ಒರಿಜಿಸ್ ಮತ್ತು ಬಿಸಿಜಿ ಕಂಡವು, ಲಸಿಕೆಯದಲ್ಲದ ಎಂ. ಬೋವಿಸ್ ಕಾಣಲಿಲ್ಲ. ‘ದನದ ಟಿಬಿ ಎಂದರೆ ಎಂ. ಬೋವಿಸ್’ ಎಂದುಕೊಂಡು ಆರ್‌ಡಿ 4ನ್ನೊಂದೇ ನೋಡುವ ಪರೀಕ್ಷೆ ನಮ್ಮಲ್ಲಿ ಯಾಕೆ ಸಾಲದು ಎಂಬುದಕ್ಕೆ ಇದೇ ಉತ್ತರ. ಎಂ. ಒರಿಜಿಸ್‌ನಲ್ಲಿ ಆರ್‌ಡಿ 12ರ ಅಳಿಕೆಯ ಗಡಿಗಳೂ ಸ್ವಲ್ಪ ಬೇರೆ. ಹಾಗಾಗಿ 369 ಬರುವುದಿಲ್ಲ, 306ರ ಬ್ಯಾಂಡೂ ಬರದೆ ಆ ಲೇನ್ ಖಾಲಿ ಉಳಿಯಬಹುದು. ಉಳಿದ ಮೂರು ಆರ್‌ಡಿಗಳು ಚೆನ್ನಾಗಿ ಬಂದು 12 ಮಾತ್ರ ಖಾಲಿಯಾಗಿ, ಪುನರಾವರ್ತಿಸಿದಾಗಲೂ ಹಾಗೇ ಇದ್ದರೆ ಅದನ್ನು ಕೆಟ್ಟ ಪಿಸಿಆರ್ ಎಂದು ಬಿಸಾಡಬೇಡಿ, ಒರಿಜಿಸ್ ಎಂದು ಶಂಕಿಸಿ. ಖಚಿತಪಡಿಸಲು ಜೈರ್-ಬಿ ಜೀನಿನ ಸೀಕ್ವೆನ್ಸ್ ಅಥವಾ ಪೂರ್ಣ ಜೀನೋಮ್ ಬೇಕು. ಪೈರಜಿನಮೈಡ್ ವಿಷಯದಲ್ಲಿ ಒರಿಜಿಸ್ ಮತ್ತು ಕ್ಯಾಪ್ರೆ ಎಂ. ಬೋವಿಸ್‌ನಂತಲ್ಲ, ಹುಟ್ಟು ನಿರೋಧ ಅವಕ್ಕಿಲ್ಲ. ಇವನ್ನು ಎಂ. ಬೋವಿಸ್ ಎಂದು ಬರೆದರೆ ರೋಗಿಗೆ ಕೆಲಸ ಮಾಡುವ ಔಷಧವೊಂದು ತಪ್ಪಿಹೋಗುತ್ತದೆ.

ಮಾದರಿ ಬಂದ ಪ್ರಾಣಿಯನ್ನು ನೋಡಿ ಉತ್ತರ ಊಹಿಸಬಾರದು. ದನಗಳಲ್ಲೂ ಸಾಕಾನೆಗಳಲ್ಲೂ ಎಂ. ಟ್ಯುಬರ್ಕ್ಯುಲೋಸಿಸ್ ಸಿಕ್ಕಿದೆ, ಮನುಷ್ಯರಿಂದ ಅವಕ್ಕೆ ಹೋದದ್ದು.

ಹಂತ 7: ತಾಳೆ ನೋಡುವುದು, ತಪ್ಪು ಹುಡುಕುವುದು

9, 12, 4, 1 ಎಂಬ ಸಾಲಿಗೆ ಬನ್ನಿ. ಆರ್‌ಡಿ 4 ಇಲ್ಲ, ಆದರೆ ಆರ್‌ಡಿ 9 ಇದೆ ಎಂದು ಬಂದರೆ ಅದು ಈ ವಂಶವೃಕ್ಷದಲ್ಲಿ ಇರಬಾರದ ಸಂಯೋಜನೆ. ಆರ್‌ಡಿ 1 ಇಲ್ಲ, 4 ಇದೆ ಎಂಬುದೂ ಹಾಗೆಯೇ ಅನುಮಾನಾಸ್ಪದ. ಟ್ಯೂಬ್ ಅದಲುಬದಲಾಗಿದೆ, ಕಲಬೆರಕೆಯಾಗಿದೆ, ಅಥವಾ ಎರಡು ಬ್ಯಾಕ್ಟೀರಿಯಾ ಬೆರೆತಿವೆ. ವರದಿ ಕೊಡದೆ ಡಿಎನ್‌ಎ ತೆಗೆಯುವ ಹಂತದಿಂದ ಮತ್ತೆ ಮಾಡಿ.

ಒಂದೇ ಆರ್‌ಡಿಯಲ್ಲಿ ಎರಡೂ ಬ್ಯಾಂಡ್ ಬಂದರೆ ಬೆರಕೆ. ನಿಜವಾದ ಜಂಟಿ ಸೋಂಕು ಅಪರೂಪ. ಮೊದಲ ಅನುಮಾನ ನಿಮ್ಮ ಬಿಸಿಜಿ ಕಂಟ್ರೋಲ್ ಚೆಲ್ಲಿದ್ದರ ಮೇಲಿರಲಿ. ಚಿಕ್ಕ ತುಂಡು ದೊಡ್ಡದಕ್ಕಿಂತ ವೇಗವಾಗಿ ಪ್ರತಿಯಾಗುವುದರಿಂದ, ಅಲ್ಪ ಕಲಬೆರಕೆಯೂ 108ರ ಬ್ಯಾಂಡನ್ನು ಎದ್ದು ಕಾಣುವಂತೆ ಮಾಡುತ್ತದೆ. ನೀರಿನ ಲೇನಿನಲ್ಲಿ ಅದೇ ಬ್ಯಾಂಡ್ ಕಂಡರೆ ಆ ದಿನದ ಇಡೀ ತಂಡವನ್ನು ರದ್ದುಮಾಡಿ, ತೆರೆದಿರುವ ನೀರು, ಬಫರ್, ಪ್ರೈಮರ್ ಪಾಲುಗಳನ್ನು ಎಸೆದು, ಮೇಜು ಮತ್ತು ಪಿಪೆಟ್‌ಗಳನ್ನು ಶೇ 1ರ ಹೈಪೋಕ್ಲೋರೈಟ್‌ನಿಂದ ಒರೆಸಿ. ಖಾಲಿ ಟಿಇಯಲ್ಲಿ ಬ್ಯಾಂಡ್ ಇದ್ದು ನೀರಿನಲ್ಲಿ ಇಲ್ಲದಿದ್ದರೆ ತಪ್ಪು ಹಂತ 2ರಲ್ಲಿದೆ.

ಮಾದರಿಯಲ್ಲಿ ಏನೂ ಬರದೆ ಕಂಟ್ರೋಲ್‌ಗಳು ಚೆನ್ನಾಗಿದ್ದರೆ ಡಿಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಹಾಕಿ. ತಡೆಯುವ ವಸ್ತು ತೆಳುವಾದಾಗ ಬ್ಯಾಂಡ್ ಬರುವುದು ಸಾಮಾನ್ಯ. ಆಗಲೂ ಬರದಿದ್ದರೆ 16ಎಸ್ ಪಿಸಿಆರ್ ಮಾಡಿ. ಡಿಎನ್‌ಎ ಇದೆಯೇ ಎಂದು ತಿಳಿಯಲು ಆ ಜೀನು ಇಲ್ಲಿ ಉಪಯೋಗಕ್ಕೆ ಬರುತ್ತದೆ. 16ಎಸ್ ಬಂದು ಆರ್‌ಡಿ ಯಾವುದೂ ಬರದಿದ್ದರೆ ಟಿಬಿಯೇತರ ಮೈಕೊಬ್ಯಾಕ್ಟೀರಿಯಾ ಎಂದು ನೋಡಿ, ಎಚ್‌ಎಸ್‌ಪಿ 65 ಜೀನಿನ ಸೀಕ್ವೆನ್ಸ್‌ಗೆ ಕಳಿಸಿ.

ಟಿಬಿಡಿ 1 ಎಂಬ ಇನ್ನೊಂದು ತುಂಡಿನ ಪರೀಕ್ಷೆಯನ್ನು ಕೆಲವರು ಸೇರಿಸುತ್ತಾರೆ. ಆಧುನಿಕ ಎಂ. ಟ್ಯುಬರ್ಕ್ಯುಲೋಸಿಸ್ ತಳಿಗಳಲ್ಲಿ ಅದು ಇಲ್ಲ, ಎಂ. ಬೋವಿಸ್‌ನಲ್ಲಿ ಇದೆ. ಇಷ್ಟನ್ನೇ ಓದಿ ‘ಟಿಬಿಡಿ 1 ಇದೆ, ಆದ್ದರಿಂದ ದನದ್ದು’ ಎಂದರೆ ದಕ್ಷಿಣ ಭಾರತದಲ್ಲಿ ದೊಡ್ಡ ತಪ್ಪಾಗುತ್ತದೆ. ಇಲ್ಲಿ ಹೇರಳವಾಗಿರುವ ಹಳೆಯ ವಂಶದ ಎಂ. ಟ್ಯುಬರ್ಕ್ಯುಲೋಸಿಸ್‌ನಲ್ಲೂ ಆ ತುಂಡು ಉಳಿದಿದೆ.

ಹಂತ 8: ವರದಿ

ಬ್ಯಾಂಡುಗಳು ಹೇಳಿದಷ್ಟನ್ನೇ ಬರೆಯಿರಿ. ಆರ್‌ಡಿ 9 ಮಾತ್ರ ಮಾಡಿದ್ದು ಅದು ‘ಇಲ್ಲ’ ಎಂದು ಬಂದಿದ್ದರೆ ‘ಟಿಬಿ ಕುಟುಂಬ, ಎಂ. ಟ್ಯುಬರ್ಕ್ಯುಲೋಸಿಸ್ ಅಲ್ಲ, ಮುಂದಿನ ಪರೀಕ್ಷೆ ಬಾಕಿ’ ಎಂಬುದು ಸರಿಯಾದ ವಾಕ್ಯ. 9 ಮತ್ತು 12 ಇಲ್ಲ, 4 ಇದೆ ಎಂಬಲ್ಲಿ ‘ಎಂ. ಒರಿಜಿಸ್ ಅಥವಾ ಎಂ. ಕ್ಯಾಪ್ರೆ’ ಎಂದೇ ಬರೆಯಿರಿ. ಯಾವ ಆರ್‌ಡಿಗಳನ್ನು ನೋಡಲಾಯಿತು, ಪ್ರತಿಯೊಂದರ ಉತ್ತರವೇನು ಎಂಬುದು ವರದಿಯಲ್ಲಿರಲಿ, ಬರೀ ಹೆಸರು ಸಾಲದು. ಎಂ. ಬೋವಿಸ್ ಅಥವಾ ಬಿಸಿಜಿ ಎಂದಾದರೆ ‘ಪೈರಜಿನಮೈಡ್‌ಗೆ ಸಹಜ ನಿರೋಧ’ ಎಂಬ ಸಾಲನ್ನು ಎದ್ದು ಕಾಣುವಂತೆ ಸೇರಿಸಿ, ಚಿಕಿತ್ಸೆ ನೀಡುವ ವೈದ್ಯರಿಗೆ ಫೋನಿನಲ್ಲೂ ತಿಳಿಸಿ. ಜಿಲ್ಲಾ ಕ್ಷಯ ಅಧಿಕಾರಿಗೆ ಮಾಹಿತಿ ಹೋಗಲಿ. ರೋಗಿಯ ಮನೆಯಲ್ಲಿ ದನಗಳಿದ್ದರೆ ಪಶುಪಾಲನಾ ಇಲಾಖೆಗೂ ಹೋಗಲಿ.

ಆರ್‌ಡಿ 9 ಇಲ್ಲದ ಪ್ರತಿ ಮಾದರಿಯ ಕಲ್ಚರ್ ಮತ್ತು ಡಿಎನ್‌ಎ ಎರಡನ್ನೂ ಉಳಿಸಿ, ರಾಷ್ಟ್ರೀಯ ಉಲ್ಲೇಖ ಪ್ರಯೋಗಾಲಯಕ್ಕೆ ಖಚಿತಪಡಿಸಲು ಕಳಿಸಿ. ಕರ್ನಾಟಕದವರಿಗೆ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹತ್ತಿರ, ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆಯೂ ಇದೆ. ಪೂರ್ಣ ಜೀನೋಮ್ ಓದಿಸುವುದಾದರೆ ಕಾಯಿಸಿ ತೆಗೆದ ಡಿಎನ್‌ಎ ಸಾಕಾಗುವುದಿಲ್ಲ, ಅದು ತುಂಡಾಗಿರುತ್ತದೆ, ಶುದ್ಧವೂ ಇರುವುದಿಲ್ಲ. ಅದಕ್ಕೆ ಸಿಟಿಎಬಿ ಎಂಬ ಮಾರ್ಜಕ ಬಳಸುವ ವಿಧಾನದಲ್ಲಿ ಕಲ್ಚರಿನಿಂದ ಹೊಸದಾಗಿ ತೆಗೆಯಬೇಕು. ಕಲ್ಚರ್ ಉಳಿಸಿ ಎಂದದ್ದು ಅದಕ್ಕಾಗಿಯೇ.